ಬಾದಾಮಿ ಮರದ ರೇಷ್ಮೆ

ರೇಷ್ಮೆಯೆಂದೊಡನೆ ಕನ್ನಡಿಗರಾದ ನಮ್ಮ ನೆನಪಿಗೆ ಬರುವುದು ಮೈಸೂರಿನ ಸೀರೆ, ರಾಮನಗರದ ಗೂಡಿನ ಮಾರುಕಟ್ಟೆ, ಹಿಪ್ಪುನೇರಳೆಯ ತೋಟ. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ನಮ್ಮ ವಿದ್ಯಾರ್ಥಿಗಳಿಗಂತೂ ರೇಷ್ಮೆಯು ಮದುವೆಯ ಮಂಟಪದಲ್ಲಿ ಕಾಣಸಿಗುವ ವಸ್ತು; ಅದು ಹುಟ್ಟುವ ಸ್ಥಳವು ರೈಲಿನಲ್ಲಿ ಒಂದು ಹಗಲು, ಒಂದು ಇರುಳು ಪ್ರಯಾಣ ಮಾಡಿ ತಲಪಬೇಕಾದ ದೂರದ ಊರು. ಆದುದರಿಂದ, ನಮ್ಮ ಶಾಲೆಯ ಗೇಟಿನ ಎದುರಿಗಿರುವ ಬಾದಾಮಿ ಮರದಲ್ಲಿಯೇ ರೇಷ್ಮೆಯ ಗೂಡೊಂದು ತೂಗುತ್ತಿತ್ತೆಂಬುದು ಕಳೆದ ಮೇ ತಿಂಗಳವರೆಗೆ ನಮಗಾರಿಗೂ ತಿಳಿಯದೆ ಇದ್ದುದು ಆಶ್ಚರ್ಯವಲ್ಲ.

ಆ ಗೂಡನ್ನು ಮೊದಲು ಕಂಡವರು ನಾವಲ್ಲ. ಮಳೆಗಾಲಕ್ಕೆ ಮುಂಚೆ ಬೀದಿಯ ಮರಗಳ ಕೊಂಬೆಗಳನ್ನು ಸವರುವ ಕೆಲಸವು ಈ ನಗರದಲ್ಲಿ ಪ್ರತಿ ವರ್ಷವೂ ನಡೆಯುವುದಷ್ಟೆ. ಅಂದು ಕತ್ತರಿಸಿ ಕೆಡಹಿದ ಕೊಂಬೆಗಳ ರಾಶಿಯಲ್ಲಿ, ಏಳನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ಎಲೆಗಳ ಮರೆಯಲ್ಲಿ ಒಂದು ವಿಚಿತ್ರವಾದ ಕಾಯಿಯನ್ನು ಕಂಡು, ಅದನ್ನು ಕಡ್ಡಿಯ ಸಮೇತ ಮುರಿದುಕೊಂಡು ಮನೆಗೆ ಒಯ್ದಳು. ಅವಳ ಅಜ್ಜಿ ಅದನ್ನು ಅಡಕೆಯೆಂದರಂತೆ. ಅಡಕೆಯಷ್ಟೇ ದಪ್ಪ, ಮೊಟ್ಟೆಯ ಆಕಾರ, ಬೂದಿ ಕಲಸಿದ ಹಳದಿಯ ಬಣ್ಣ. ಮೇಲೆ ಕಪ್ಪಾದ, ಗಟ್ಟಿಯಾದ ತೊಟ್ಟು. ಆದರೆ ಬಾದಾಮಿ ಮರದಲ್ಲಿ ಅಡಕೆ ಹೇಗೆ ಬಿಡಬೇಕು? ಅಲುಗಾಡಿಸಿದರೆ ಒಳಗೆ ಏನೋ ಭಾರವಾದುದು ಗೋಡೆಗೆ ಮೆಲ್ಲನೆ ತಾಗಿದಂತೆ ಸದ್ದಾಗುತ್ತಿತ್ತು. ಜೂನ್ ತಿಂಗಳ ನಡುವೆ ಶಾಲೆ ಮತ್ತೆ ತೆರೆದ ದಿನ ಅವಳು ಅದನ್ನು ಕಂಪಾಸು ಪೆಟ್ಟಿಗೆಯಲ್ಲಿಟ್ಟು ತಂದು, “ಸರ್, ಇದು ಯಾವ ಮರದ ಕಾಯಿ?” ಎಂದು ನಮ್ಮ ಮುಂದೆ ಇಟ್ಟಳು.

ಅದು ಕಾಯಿಯಲ್ಲ, ಗೂಡು. ಅದರೊಳಗೆ ಜೀವವಿತ್ತು. ಅದರ ಹೆಸರು ಟಸರ್. ಅದು ಕಾಡಿನ ರೇಷ್ಮೆ.

ನಮ್ಮ ನಾಡಿನಲ್ಲಿ ನಾಲ್ಕು ಬಗೆಯ ರೇಷ್ಮೆಗಳು ದೊರೆಯುವುವು. ಹಿಪ್ಪುನೇರಳೆಯ ಎಲೆ ತಿನ್ನುವ ಹುಳುವಿನಿಂದ ಬರುವುದು ಒಂದು, ಹರಳಿನ ಎಲೆ ತಿನ್ನುವ ಹುಳುವಿನಿಂದ ಬರುವ ಏರಿ ಎರಡನೆಯದು, ಅಸ್ಸಾಮಿನ ಹೊಂಬಣ್ಣದ ಮೂಗಾ ಮೂರನೆಯದು, ಟಸರ್ ನಾಲ್ಕನೆಯದು. ಮೊದಲನೆಯದನ್ನು ನೂಲುವ ಹುಳುವಿಗೆ ಶಾಸ್ತ್ರಜ್ಞರು ಕೊಟ್ಟಿರುವ ಹೆಸರು ಬಾಂಬಿಕ್ಸ್ ಮೋರಿ. (ಬಾಂಬಿಕ್ಸ್ ಎಂಬ ಶಬ್ದಕ್ಕೂ ನಮ್ಮ ಬೊಂಬಾಯಿಗೂ ಸಂಬಂಧವಿಲ್ಲ, ಅದು ರೇಷ್ಮೆಹುಳುವಿಗಿದ್ದ ಗ್ರೀಕ್ ಹೆಸರು.) ಸಾವಿರಾರು ವರ್ಷಗಳಿಂದ ಮನುಷ್ಯನ ಮನೆಯಲ್ಲಿ ತಟ್ಟೆಯಲ್ಲಿಟ್ಟ ಎಲೆಯನ್ನು ತಿಂದು ಬೆಳೆದ ಆ ಹುಳುವು ಈಗ ತಾನಾಗಿ ಮರ ಹುಡುಕಿ ಹತ್ತಲಾರದು, ಅದರ ಪತಂಗಕ್ಕೆ ರೆಕ್ಕೆಯಿದ್ದರೂ ಹಾರಲು ಬಾರದು. ಟಸರಿನ ಪತಂಗ ಹಾಗಲ್ಲ. 1773ರಲ್ಲಿ ಡ್ರೂರಿ ಎಂಬ ಆಂಗ್ಲ ಕೀಟಶಾಸ್ತ್ರಜ್ಞನು ಹೆಸರಿಟ್ಟ ಈ ಆಂಥೇರಿಯಾ ಮೈಲಿಟ್ಟಾ ಇಂದಿಗೂ ಕಾಡಿನದೇ. ಮತ್ತಿ, ಹೊಳೆಮತ್ತಿ, ಬೋರೆ ಮುಂತಾದ ಮರಗಳು ಅದರ ಮನೆ. ಮರಾಠಿಯಲ್ಲಿ ಐನ್ ಎಂದು ಕರೆಯುವ ಮತ್ತಿಯ ಮರವು ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಹೇರಳವಾಗಿದೆ. ಮುಂಬಯಿಯ ಬೀದಿಗಳಲ್ಲಿ ನೆರಳಿಗಾಗಿ ನೆಟ್ಟಿರುವ ಬಾದಾಮಿ ಮರವೂ ಅದೇ ಮತ್ತಿಯ ಕುಲಕ್ಕೆ ಸೇರಿದುದು. ಕಾಡಿನ ಅಂಚಿನಲ್ಲಿರುವ ನಮ್ಮ ಉಪನಗರದ ಬೀದಿಗೆ ಈ ಪತಂಗವು ಹೇಗೆ ಬಂದಿತೆಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಮನುಷ್ಯರು ನೆರಳಿಗೆಂದು ನೆಟ್ಟ ಮರದಲ್ಲಿ ಅದು ತನ್ನ ಊಟವನ್ನು ಕಂಡುಕೊಂಡಿತು.

ಈಗ ಆ ತೊಟ್ಟಿನ ವಿಚಾರ. ನಮ್ಮ ಅಭಿಪ್ರಾಯದಲ್ಲಿ ಈ ಹುಳುವಿನ ಜಾಣ್ಮೆಯೆಲ್ಲ ಆ ತೊಟ್ಟಿನಲ್ಲಿದೆ.

ಹಿಪ್ಪುನೇರಳೆಯ ಹುಳು ಹಣ್ಣಾದಾಗ, ಎಂದರೆ ಗೂಡು ಕಟ್ಟುವ ಹೊತ್ತು ಬಂದಾಗ, ರೈತನು ಅದನ್ನು ಬಿದಿರಿನ ಚಂದ್ರಿಕೆಯ ಮೇಲೆ ಬಿಡುವನು. ಗಾಳಿಮಳೆಗಳ ಚಿಂತೆ ಅದಕ್ಕಿಲ್ಲ. ಟಸರಿನ ಹುಳುವಿಗೆ ಚಂದ್ರಿಕೆ ಹಾಕುವವರಾರು? ಅದು ಮೊದಲು ಎರಡು ಮೂರು ಎಲೆಗಳನ್ನು ಎಳೆಗಳಿಂದ ಹತ್ತಿರಕ್ಕೆ ಸೆಳೆದು ತೊಟ್ಟಿಲಿನಂತೆ ಮಾಡಿಕೊಳ್ಳುವುದು. ಎಲೆಯ ಮರೆ ಸಿಕ್ಕಿತು. ಆದರೆ ಎಲೆಯನ್ನು ನಂಬುವಂತಿಲ್ಲ. ಮತ್ತಿಯೂ ಬಾದಾಮಿಯೂ ಎಲೆ ಉದುರಿಸುವ ಮರಗಳು. ಚಳಿಗಾಲಕ್ಕೆ ಮುನ್ನ ಎಲೆಗೆ ಅಂಟಿಸಿದ ಗೂಡು ಎಲೆಯೊಡನೆಯೇ ನೆಲಕ್ಕೆ ಬಿದ್ದು ಇರುವೆಗಳ ಪಾಲಾಗುವುದು. ಅದಕ್ಕಾಗಿ ಹುಳುವು ಎಲೆಯ ಕಾವಿನ ಗುಂಟ ಮೇಲಕ್ಕೆ ಹೋಗಿ, ಉದುರದೆ ಉಳಿಯುವ ಕಡ್ಡಿಯನ್ನು ಹುಡುಕಿ, ಅದರ ಸುತ್ತಲೂ ರೇಷ್ಮೆಯ ಬಳೆಯೊಂದನ್ನು ಬಿಗಿಯುವುದು. ಆ ಬಳೆಯಿಂದ ಕೆಳಕ್ಕೆ, ಹಗ್ಗ ಹೊಸೆದಂತೆ, ಗಟ್ಟಿಯಾದ ತೊಟ್ಟನ್ನು ನೇಯುತ್ತ ಬರುವುದು. ಅದಾದ ಮೇಲೆಯೇ ತನ್ನ ಸುತ್ತಲೂ ಗೂಡನ್ನು ಕಟ್ಟಲಾರಂಭಿಸುವುದು. ಮನೆಗಿಂತ ಮೊದಲು ಮನೆಯ ತೊಲೆ. ಕೊನೆಯಲ್ಲಿ ಗೂಡಿನ ಒಳಗಿನಿಂದ ತನ್ನ ಶರೀರದ ದ್ರವವೊಂದನ್ನು ಬಿಟ್ಟು ಗೋಡೆಯನ್ನು ತೋಯಿಸುವುದು; ಆ ದ್ರವದಲ್ಲಿರುವ ಸುಣ್ಣದ ಅಂಶವು ಒಣಗಿದಾಗ ಗೋಡೆ ಬೆರಳಿನಿಂದ ಒತ್ತಿದರೂ ಬಗ್ಗದಷ್ಟು ಗಡುಸಾಗುವುದು. ನಮ್ಮ ವಿದ್ಯಾರ್ಥಿನಿಯ ಅಜ್ಜಿಗೆ ಅಡಕೆಯ ಭ್ರಮೆ ಹುಟ್ಟಿದುದು ಈ ಗಡುಸಿನಿಂದ.

ಆ ಗೂಡಿನೊಳಗೆ ಕೋಶವಾಗಿ ಮಲಗಿದ ಜೀವವು ಎಷ್ಟು ಕಾಲ ಇರಬೇಕು? ಮಳೆಗಾಲದ ಗೂಡಾದರೆ ಕೆಲವು ವಾರಗಳು ಸಾಕು. ಆದರೆ ವರ್ಷದ ಕೊನೆಯಲ್ಲಿ ಕಟ್ಟಿದ ಗೂಡಿನಲ್ಲಿ ಅದು ಚಳಿಗಾಲವನ್ನೂ ಬೇಸಗೆಯನ್ನೂ ನಿದ್ರೆಯಲ್ಲಿಯೇ ಕಳೆದು, ಜೂನಿನ ಮೊದಲ ಮಳೆಯ ತಂಪು ತಾಗಿದ ಮೇಲೆ ಏಳುವುದು. ಐದಾರು ತಿಂಗಳ ಕಾಲ ಊಟವಿಲ್ಲ, ನೀರಿಲ್ಲ; ಏಪ್ರಿಲ್-ಮೇ ತಿಂಗಳುಗಳ ಬಿಸಿಲಿನಲ್ಲಿ ಬೋಳು ಕೊಂಬೆಗೆ ತೂಗುತ್ತಿರಬೇಕು. ಎಲೆ ಉದುರುವುದನ್ನೂ ಗಾಳಿ ಬೀಸುವುದನ್ನೂ ಬಿಸಿಲು ಕಾಯುವುದನ್ನೂ ಮುಂಗಂಡು ಕಟ್ಟಿದ ಮನೆ ಅದು. ಮೇ ತಿಂಗಳಲ್ಲಿ ಗರಗಸವನ್ನು ಹಿಡಿದು ಬರುವ ಮನುಷ್ಯನೊಬ್ಬನನ್ನು ಮಾತ್ರ ಹುಳುವು ಮುಂಗಂಡಿಲ್ಲ. ಕೊಂಬೆಯೇ ಬಿದ್ದ ಮೇಲೆ ತೊಟ್ಟಿನ ಗಟ್ಟಿತನದಿಂದೇನು ಫಲ? ಕೊಂಬೆ ಸವರುವವರನ್ನು ನಾವು ದೂರುವುದಿಲ್ಲ. ಮಳೆಗಾಳಿಗೆ ಕೊಂಬೆ ಮುರಿದು ದಾರಿಹೋಕರ ಮೇಲೆ ಬಿದ್ದ ಸುದ್ದಿಯನ್ನು ನಾವೆಲ್ಲರೂ ಓದಿದ್ದೇವೆ. ಆದರೆ ವರ್ಷದ ಹನ್ನೆರಡು ತಿಂಗಳುಗಳಲ್ಲಿ ಈ ಜೀವವು ಓಡಲೂ ಹಾರಲೂ ತೆವಳಲೂ ಆಗದೆ ಇರುವ ತಿಂಗಳುಗಳಲ್ಲಿಯೇ ಆ ಕೆಲಸ ನಡೆಯುವುದೆಂಬುದನ್ನು ಇಲ್ಲಿ ಬರೆದಿಡುತ್ತೇವೆ.

ಗೂಡನ್ನು ತಂದ ಮೇಲೆ ತರಗತಿಯಲ್ಲಿ ಒಂದು ವಾದ ಎದ್ದಿತು. ಅದನ್ನು ಬಿಸಿನೀರಿಗೆ ಹಾಕಿ ರೇಷ್ಮೆಯನ್ನು ತೆಗೆದು ನೋಡೋಣವೆಂದು ಕೆಲವರು. ಬೇಡ, ಒಳಗಿನದು ಸಾಯುವುದೆಂದು ಕೆಲವರು. ವಾದಕ್ಕೆ ಇಳಿದವರೆಲ್ಲರ ಮನೆಯಲ್ಲಿಯೂ ರೇಷ್ಮೆ ಸೀರೆಗಳಿವೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಆ ಗೂಡುಗಳಲ್ಲಿ ಕೋಶವು ಎಚ್ಚರಗೊಳ್ಳುವ ಮೊದಲೇ ಬಿಸಿಯಿಂದ ಕೊಲ್ಲಲ್ಪಡುವುದು. ಪತಂಗವು ಹೊರಬಂದ ಗೂಡಿನಿಂದ ಉದ್ದವಾದ ಒಂದೇ ಎಳೆಯನ್ನು ಬಿಚ್ಚಲು ಆಗುವುದಿಲ್ಲವೆಂಬುದು ಇದಕ್ಕೆ ಕಾರಣ. ಈ ಮಾತನ್ನು ನಾವು ಮುಚ್ಚಿಡಲಿಲ್ಲ. ಎಣಿಕೆಯಲ್ಲಿ, ಕಾಯೋಣವೆಂದವರು ಮೂವರು ಹೆಚ್ಚಾದರು. ಬೆತ್ತದ ಬುಟ್ಟಿಯೊಂದರಲ್ಲಿ ಕಡ್ಡಿಯನ್ನು ಅಡ್ಡಲಾಗಿ ಕಟ್ಟಿ, ಗೂಡನ್ನು ತೂಗಬಿಟ್ಟು, ಮಳೆಯ ಗಾಳಿ ತಾಗುವಂತೆ ಮಹಡಿಯ ಮೊಗಸಾಲೆಯಲ್ಲಿ ಇಟ್ಟೆವು.

ಒಂಬತ್ತನೆಯ ದಿನ ಸಂಜೆ ಗೂಡಿನ ಮೇಲ್ತುದಿ, ತೊಟ್ಟು ಸೇರುವ ಕಡೆ, ಒದ್ದೆಯಾದುದು ಕಾಣಿಸಿತು. ಪತಂಗಕ್ಕೆ ಕಚ್ಚುವ ಹಲ್ಲಿಲ್ಲ, ಕೊಯ್ಯುವ ಆಯುಧವಿಲ್ಲ. ಅದರ ಬಾಯಿಯಿಂದ ಸುರಿಯುವ ರಸದಲ್ಲಿ ಕೊಕೂನೇಸ್ ಎಂಬ ಕಿಣ್ವವಿರುವುದು. ಅದು ಎಳೆಗಳನ್ನು ಒಂದಕ್ಕೊಂದು ಹಿಡಿದಿರುವ ಅಂಟನ್ನು ಮಾತ್ರ ಕರಗಿಸುವುದು. ಎಳೆಗಳು ಸಡಿಲವಾದ ಮೇಲೆ ಅವನ್ನು ತಲೆಯಿಂದ ಆಚೀಚೆ ಸರಿಸಿ ದಾರಿ ಮಾಡಿಕೊಳ್ಳುವುದು. ಹಾಗೆ ಹೊರಬಂದ ಜೀವವು ಮೊದಲು ಒದ್ದೆಯಾದ ಬಟ್ಟೆಯ ಮುದ್ದೆಯಂತಿತ್ತು. ಕಡ್ಡಿಯನ್ನು ಹಿಡಿದು ತೂಗುತ್ತಿದ್ದಂತೆ ಅದರ ರೆಕ್ಕೆಗಳು ಮೆಲ್ಲಮೆಲ್ಲನೆ ಇಳಿದು, ಹರಡಿ, ಹೊತ್ತು ಮುಳುಗುವುದರೊಳಗೆ ನಮ್ಮ ಅಂಗೈಯನ್ನು ಮೀರಿ ಅಗಲವಾದುವು. ಬಣ್ಣ ಮಾಸಿದ ಹಳದಿ. ನಾಲ್ಕು ರೆಕ್ಕೆಗಳಲ್ಲಿಯೂ ಒಂದೊಂದು ದುಂಡನೆಯ ಕಣ್ಣು. ಕಣ್ಣಿನ ನಡುವೆ ಬಣ್ಣವೇ ಇಲ್ಲದ ತೆಳುವಾದ ಕಿಟಕಿ. ಆ ಕಿಟಕಿಯ ಮೂಲಕ ಬುಟ್ಟಿಯ ಬೆತ್ತದ ಹೆಣಿಗೆಯು ಕಾಣಿಸುತ್ತಿತ್ತು.

ಅದು ಹೆಣ್ಣೆಂದು ಮೀಸೆಗಳಿಂದ ತಿಳಿಯಿತು. ಗಂಡಿನ ಮೀಸೆಗಳು ಗರಿಯಂತೆ ಅಗಲವಾಗಿರುವುವು, ಹೆಣ್ಣಿನವು ಕಿರಿದು. ಈ ಪತಂಗಗಳ ಬಾಯಿಯು ಆಹಾರ ತೆಗೆದುಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿದೆ. ಹುಳುವಾಗಿದ್ದಾಗ ತಿಂದುದರ ಬಲದಿಂದಲೇ ವಾರವೋ ಹತ್ತು ದಿನವೋ ಬದುಕಿ, ಮೊಟ್ಟೆಯಿಟ್ಟು, ಮುಗಿಯುವುವು. ಹೆಣ್ಣು ಗಂಡನ್ನು ಹುಡುಕಿಕೊಂಡು ಹೋಗುವುದಿಲ್ಲ. ಇದ್ದಲ್ಲಿಯೇ ಕುಳಿತು, ಮನುಷ್ಯರ ಮೂಗಿಗೆ ತಿಳಿಯದ ಪರಿಮಳವೊಂದನ್ನು ಗಾಳಿಗೆ ಬಿಡುವುದು. ಗಂಡಿನ ಗರಿಮೀಸೆಗಳಿರುವುದು ಆ ಪರಿಮಳವನ್ನು ಹಿಡಿಯುವುದಕ್ಕಾಗಿ. ಬುಟ್ಟಿಯ ಮುಚ್ಚಳವನ್ನು ತೆರೆದಿಟ್ಟೆವು. ಮೊದಲನೆಯ ರಾತ್ರಿ ಯಾರೂ ಬರಲಿಲ್ಲ. ಎರಡನೆಯ ರಾತ್ರಿ ಜಡಿಮಳೆ. ಮೊಗಸಾಲೆಯ ದೀಪವನ್ನು ಆರಿಸಿ ಕಾವಲುಗಾರನಿಗೆ ಹೇಳಿ ಹೋಗಿದ್ದೆವು. ಬೆಳಿಗ್ಗೆ ಬಂದು ನೋಡಿದರೆ ಇಟ್ಟಿಗೆಯ ಬಣ್ಣದ ಗಂಡೊಂದು ಅವಳ ಜತೆಯಲ್ಲಿತ್ತು. ನಮ್ಮ ಬೀದಿಯಲ್ಲಿ ಈ ಜಾತಿಯ ಇನ್ನೊಂದು ಜೀವವಿದೆಯೆಂಬುದು ಆಗ ಗೊತ್ತಾಯಿತು. ಅಥವಾ ಬೀದಿಯದೋ, ಕಾಡಿನದೋ. ಎಲ್ಲಿಂದ ಬಂದಿತೆಂದು ಹೇಳಬಲ್ಲವರಾರು?

ಅವಳು ಬುಟ್ಟಿಯ ಬೆತ್ತಕ್ಕೆ ಅಂಟಿಸಿದ ಮೊಟ್ಟೆಗಳು ನೂರೈವತ್ತಕ್ಕೆ ಸಮೀಪ. ಅವನ್ನು ಎಲೆಯ ದೊನ್ನೆಯಲ್ಲಿಟ್ಟು ಬಾದಾಮಿ ಮರದ ಕೆಳಕೊಂಬೆಗೆ ಕಟ್ಟಿದೆವು. ಒಂಬತ್ತು ದಿನಗಳಲ್ಲಿ ಒಡೆದವು. ಮೊದಲು ಕರಿಯ ತಲೆಯ, ಹಳದಿಕಂದು ಬಣ್ಣದ ಸಣ್ಣ ಹುಳುಗಳು. ಮೊದಲನೆಯ ಪೊರೆ ಬಿಟ್ಟ ಮೇಲೆ ಹಸುರಾದುವು. ನಮ್ಮ ರೈತರು ಪೊರೆ ಬಿಡುವ ಕಾಲವನ್ನು ಹುಳುವಿನ ‘ಜ್ವರ’ ಎನ್ನುವರು. ಇಂತಹ ನಾಲ್ಕು ಜ್ವರಗಳನ್ನು ದಾಟಿದ ಹುಳುವು ನಾಲ್ಕೈದು ಅಂಗುಲ ಉದ್ದವಾಗಿ, ಮಗ್ಗುಲುಗಳಲ್ಲಿ ಬೆಳ್ಳಿಯ ಚುಕ್ಕಿಗಳಿಂದ ಹೊಳೆಯುವುದು. ಮಳೆಹನಿಯ ನಡುವೆ ಅದನ್ನು ಕಾಣುವುದು ಕಷ್ಟ. ಆದರೆ ಕಾಗೆಗೆ ಅದು ಕಷ್ಟವಲ್ಲ. ಕಣಜಗಳು, ಇರುವೆಗಳು, ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ, ಎಲ್ಲವೂ ತಮ್ಮ ಪಾಲನ್ನು ಕೇಳಿದವು. ಆಗಸ್ಟಿನ ಮೊದಲ ವಾರದಲ್ಲಿ ನಮ್ಮ ಕಣ್ಣಿಗೆ ಬಿದ್ದವು ಏಳು.

ಹೀಗಿರುವುದರಿಂದಲೇ ಟಸರನ್ನು ಸಾಕುವುದು ಕಾವಲಿನ ಕೆಲಸ. ನಮ್ಮ ಮಹಾರಾಷ್ಟ್ರದ ಪೂರ್ವದಲ್ಲಿ, ವಿದರ್ಭದ ಭಂಡಾರಾ, ಗಡಚಿರೋಲಿ ಮುಂತಾದ ಜಿಲ್ಲೆಗಳಲ್ಲಿ, ಧೀವರ ಜನರು ಐನ್ ಮರಗಳ ಮೇಲೆ ಹುಳುಗಳನ್ನು ಬಿಟ್ಟು, ಹಗಲೆಲ್ಲ ಕವಣೆ ಹಿಡಿದು ಹಕ್ಕಿಗಳನ್ನು ಓಡಿಸುತ್ತ ಕಾಡಿನಲ್ಲಿಯೇ ಕಾಯುವರು. ಜಾರ್ಖಂಡ, ಛತ್ತೀಸಗಡ, ಒಡಿಶಾಗಳಲ್ಲಿ ಈ ಉದ್ಯೋಗ ಇನ್ನೂ ದೊಡ್ಡದು. 1964ರಲ್ಲಿ ಸ್ಥಾಪಿತವಾದ ಟಸರ್ ಸಂಶೋಧನ ಕೇಂದ್ರವು ರಾಂಚಿಯಲ್ಲಿದೆ.

ಗೂಡನ್ನು ಗಡುಸು ಮಾಡಿದ ಆ ದ್ರವವೂ ಅಂಟೂ ನೂಲು ಬಿಚ್ಚುವವರಿಗೆ ತೊಂದರೆ ಕೊಡುವುವು. ಹಿಪ್ಪುನೇರಳೆಯ ಗೂಡು ಬಿಸಿನೀರಿಗೆ ಮಣಿಯುವುದು. ಟಸರಿನದು ಬರಿಯ ನೀರಿಗೆ ಜಗ್ಗದು. ಸೋಡಾ ಬೆರೆಸಿ ಬೇಯಿಸಬೇಕು. ಹಿಂದೆ ಬೂದಿಯ ನೀರಿನಲ್ಲಿ ಬೇಯಿಸುತ್ತಿದ್ದರು. ಒಳ್ಳೆಯ ಗೂಡಿನಿಂದ 500ರಿಂದ 800 ಮೀಟರುಗಳಷ್ಟು ಎಳೆ ಬರುವುದು. ಹಲವು ಗೂಡುಗಳ ಎಳೆಗಳನ್ನು ಸೇರಿಸಿ, ಬರಿಯ ತೊಡೆಯ ಮೇಲೆ ಅಂಗೈಯಿಂದ ಉಜ್ಜಿ ನೂಲು ಮಾಡುವುದು ಅಲ್ಲಿಯ ಹೆಂಗಸರ ಹಳೆಯ ಪದ್ಧತಿ. ಇದರಿಂದ ತೊಡೆಯ ಚರ್ಮ ಗಾಯವಾಗುತ್ತಿತ್ತು. ಇದನ್ನು ನಿಲ್ಲಿಸುವುದಕ್ಕಾಗಿ, ಬೆಂಗಳೂರಿನಲ್ಲಿ ಕಚೇರಿಯುಳ್ಳ ಕೇಂದ್ರ ರೇಷ್ಮೆ ಮಂಡಳಿಯು ‘ಬುನಿಯಾದ್’ ಎಂಬ ಯಂತ್ರವನ್ನು ಬಳಕೆಗೆ ತಂದಿದೆ. ಕಾಡಿನ ಹುಳುವಿನ ನೋವನ್ನು ಕುರಿತು ವಾದಿಸಿದ ನಮ್ಮ ವಿದ್ಯಾರ್ಥಿಗಳು ಈ ಹೆಂಗಸರ ನೋವನ್ನು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಾದರು.

ಟಸರ್ ಎಂಬ ಹೆಸರಿನ ಮೂಲವನ್ನು ಸಂಸ್ಕೃತದ ‘ತಸರ’ ಶಬ್ದದಲ್ಲಿ ಹುಡುಕುವವರಿದ್ದಾರೆ. ತಸರವೆಂದರೆ ಮಗ್ಗದ ಲಾಳಿ. ಈ ಬಟ್ಟೆಗೆ ಜೇನಿನ ಬಣ್ಣ ಸಹಜವಾದುದು. ಅದರ ಎಳೆಯು ಪಟ್ಟಿಯಂತೆ ಚಪ್ಪಟೆ. ಹಿಪ್ಪುನೇರಳೆಯ ಎಳೆಯು ಮುಮ್ಮೂಲೆಯದಾದ್ದರಿಂದ ಅದರ ಥಳಥಳಿಕೆ ಬೇರೆ, ಟಸರಿನ ಮಂದವಾದ ಹೊಳಪು ಬೇರೆ. ಆ ಬಣ್ಣದ ಮೇಲೆ ಬೇರೆ ಬಣ್ಣ ಹತ್ತುತ್ತಿರಲಿಲ್ಲ. ಇಂಗ್ಲೆಂಡಿನ ಲೀಕ್ ಎಂಬ ಊರಿನ ಬಣ್ಣಗಾರ ಥಾಮಸ್ ವಾರ್ಡಲ್ ವರ್ಷಗಟ್ಟಲೆ ಶ್ರಮಿಸಿ ಅದಕ್ಕೆ ಬಣ್ಣ ಹತ್ತಿಸಿ, 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿದನು. ಅದೇ ದಶಕದಲ್ಲಿ ಮುಂಬಯಿ ಪ್ರಾಂತದ ಮೇಜರ್ ಕೂಸ್‌ಮೇಕರ್ ಎಂಬ ಅಧಿಕಾರಿಯು ಪುಣೆಯಲ್ಲಿ ಟಸರಿನ ಹುಳುಗಳನ್ನು ಸಾಕಿ ಪ್ರಯೋಗ ಮಾಡಿದ್ದನು. ವ್ಯಾಪಾರಕ್ಕೆ ಒದಗುವಷ್ಟು ಫಲ ಬರಲಿಲ್ಲ. ಕಾಗೆಗಳ ಕಾಟವನ್ನು ಈಗ ನಾವೂ ಬಲ್ಲೆವಾದ್ದರಿಂದ ಆತನ ಮೇಲೆ ನಮಗೆ ಕನಿಕರವಿದೆ.

ಆದರೆ ಈ ಎಳೆಯನ್ನು ಭಾರತೀಯರು ಬಲ್ಲುದು ಇಂಗ್ಲಿಷರಿಂದಲ್ಲ, ಚೀನದವರಿಂದಲೂ ಅಲ್ಲ. ಹರಪ್ಪ ಮತ್ತು ಚನ್ಹುದಾರೋ ಎಂಬ ಸಿಂಧೂ ನಗರಗಳಲ್ಲಿ ದೊರೆತ ಆಭರಣಗಳಿಗೆ ಅಂಟಿಕೊಂಡಿದ್ದ ನೂಲಿನ ಚೂರುಗಳನ್ನು ವಿದ್ವಾಂಸರು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಅವು ಆಂಥೇರಿಯಾ ಕುಲದ ಕಾಡುರೇಷ್ಮೆಯೆಂದು 2009ರಲ್ಲಿ ಪ್ರಕಟಿಸಿದರು. ಅವುಗಳ ಕಾಲ ಕ್ರಿ. ಪೂ. 2450ರಿಂದ 2000ದವರೆಗೆ. ಅದಕ್ಕೂ ಮೊದಲು, 1954ರಿಂದ 1956ರವರೆಗೆ ಸಾಂಕಲಿಯಾ ಅವರ ನೇತೃತ್ವದಲ್ಲಿ ಪ್ರವರಾ ನದಿಯ ದಡದ ನೇವಾಸೆಯಲ್ಲಿ ಅಗೆತ ನಡೆದಾಗ, ಮೂರು ಸಾವಿರ ವರ್ಷಗಳಿಗೂ ಹಿಂದೆ ಹೂಳಿದ ಮಗುವೊಂದರ ಕೊರಳಿನಲ್ಲಿ ತಾಮ್ರದ ಮಣಿಗಳ ಸರ ದೊರೆಯಿತು. ಮಣಿಗಳನ್ನು ಪೋಣಿಸಿದ್ದ ದಾರವನ್ನು ಪರೀಕ್ಷಿಸಿದವರು ಎ. ಎನ್. ಗುಲಾಟಿ, ಹತ್ತಿಯೊಡನೆ ರೇಷ್ಮೆ ಬೆರೆತ ದಾರವೆಂದು ಅವರ ವರದಿ 1961ರಲ್ಲಿ ಅಚ್ಚಾಯಿತು. ಇದೇ ಗುಲಾಟಿಯವರು ಟರ್ನರ್ ಎಂಬವರೊಡನೆ, ನಮ್ಮ ಮಾಟುಂಗಾದಲ್ಲಿ 1924ರಲ್ಲಿ ಆರಂಭವಾದ ಹತ್ತಿಯ ಪ್ರಯೋಗಾಲಯದಲ್ಲಿ ಮೊಹೆಂಜೋದಾರೋದ ಹತ್ತಿಯನ್ನು ಪರೀಕ್ಷಿಸಿ 1928ರಲ್ಲಿ ವರದಿ ಬರೆದಿದ್ದರು. ಆ ಪ್ರಯೋಗಾಲಯ ಇಂದಿಗೂ ಮಾಟುಂಗಾದಲ್ಲಿಯೇ ಇದೆ. ಆ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಹೋಗುವ ಕನ್ನಡಿಗರು ಎಷ್ಟು ಜನರಿಲ್ಲ!

ಪತಂಗವು ಬಿಟ್ಟುಹೋದ ಗೂಡು ನಮ್ಮಲ್ಲಿ ಉಳಿದಿತ್ತು. ಕೊಲ್ಲದೆಯೇ ದೊರೆತ ಗೂಡು. ಇನ್ನು ವಾದಕ್ಕೆ ಎಡೆಯಿಲ್ಲ. ಅದನ್ನು ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ಒಂದು ಗಂಟೆ ಬೇಯಿಸಿದೆವು. ಉದ್ದನೆಯ ಎಳೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಇಂತಹ ತೂತುಬಿದ್ದ ಗೂಡುಗಳನ್ನು ಹಿಂಜಿ ಕೈಯಿಂದ ಎಳೆದ ಒರಟು ನೂಲಿಗೆ ‘ಘೀಚಾ’ ಎಂದು ಹೆಸರಿದ್ದು, ಅದನ್ನೂ ನೇಯುವರು. ನಮ್ಮ ಮಕ್ಕಳು ಸರದಿಯಂತೆ ಹಿಂಜಿ, ಹೊಸೆದು, ಗಂಟುಗಂಟಾದ ದಾರವೊಂದನ್ನು ಮಾಡಿದರು. ಅಳೆದರೆ ಎರಡು ಮೊಳಕ್ಕೆ ಸ್ವಲ್ಪ ಕಡಮೆ. ಈಗ ಅದು ವಿಜ್ಞಾನದ ಕಪಾಟಿನಲ್ಲಿದೆ. ಇಬ್ಬರು ಹಿಡಿದು ಎಳೆದರೂ ಹರಿಯದು.

ಏಳು ಹುಳುಗಳಲ್ಲಿ ಎಷ್ಟು ಗೂಡು ಕಟ್ಟಿದವೋ ಮಳೆಯಲ್ಲಿ ತಿಳಿಯಲಿಲ್ಲ. ಬಾದಾಮಿಯ ದಟ್ಟವಾದ ಎಲೆ ಎಲ್ಲವನ್ನೂ ಮುಚ್ಚಿತ್ತು. ಜನವರಿಯಲ್ಲಿ ಆ ಎಲೆಗಳು ಕೆಂಪಾಗಿ ಉದುರಿದಾಗ, ಬರಿದಾದ ಕೊಂಬೆಗಳಲ್ಲಿ ಎರಡು ಗೂಡುಗಳು ಕಾಣಿಸಿದವು. ಆಗಸ್ಟಿನ ಗೂಡಿನ ಪತಂಗಗಳು ಮಳೆಗಾಲದ ಕೊನೆಯಲ್ಲಿಯೇ ಹಾರಿಹೋಗಿರಬೇಕಾದ್ದರಿಂದ, ಇವು ಅವುಗಳ ಮಕ್ಕಳವಿರಬೇಕೆಂದು ನಮ್ಮ ಎಣಿಕೆ. ಒಂದು ಬಹು ಎತ್ತರದಲ್ಲಿದೆ. ಇನ್ನೊಂದು ರಸ್ತೆಯ ಕಡೆಗೆ ಚಾಚಿದ ಕೊಂಬೆಯಲ್ಲಿ, ತಂತಿಗೆ ಸಮೀಪದಲ್ಲಿದೆ. ಸವರುವಾಗ ಮೊದಲು ಕತ್ತರಿಸುವುದು ಆ ಕೊಂಬೆಯನ್ನೇ. ಮೇ ತಿಂಗಳಲ್ಲಿ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ರಜೆಗೆಂದು ಊರಿಗೆ, ಉಡುಪಿ, ಕಾರ್ಕಳ, ಮಂಗಳೂರುಗಳಿಗೆ ಹೊರಟುಹೋಗುವರು. ಈ ಬಾರಿ ಊರಿಗೆ ಹೋಗದೆ ಇಲ್ಲಿಯೇ ಉಳಿಯುವವರು ಯಾರೆಂದು ತರಗತಿಯಲ್ಲಿ ಕೇಳಿದೆವು. ಇಬ್ಬರು ಕೈಯೆತ್ತಿದರು. ಕೊಂಬೆ ಸವರುವವರು ಬಂದಾಗ ಅವರೊಡನೆ ಮರಾಠಿಯಲ್ಲಿ ಏನು ಹೇಳಬೇಕೆಂಬುದನ್ನು ಆ ಇಬ್ಬರೂ ಈಗಾಗಲೇ ಬರೆದಿಟ್ಟುಕೊಂಡಿದ್ದಾರೆ.